ಎತ್ತಿ ನೋಡದ ಅಂಗಿ

ಚಳಿಗಾಲ ಶುರುವಾಗಿ ಮನೆಮನೆಯಲ್ಲಿ ಮೂಗು ಸೋರತೊಡಗಿದರೆ ನನಗೆ ಕರೆ ಬರುತ್ತದೆ. ಸೊಸೆಯಂದಿರು, ಅವರ ಗೆಳತಿಯರು, ಮೊಮ್ಮಗಳ ಜೊತೆ ಓದುವವರು, ಎಲ್ಲರಿಗೂ ಕಷಾಯದ ಪುಡಿಯ ಲೆಕ್ಕ ಬೇಕು. ಹೇಳುತ್ತೇನೆ. ಹವೀಜ, ಅಂದರೆ ಕೊತ್ತಂಬರಿ ಬೀಜ, ನಾಲ್ಕು ಹಿಡಿ, ಜೀರಿಗೆ ಎರಡು, ಕರಿಮೆಣಸು ಅರ್ಧ ಹಿಡಿ, ಒಣಶುಂಠಿ ಹೆಬ್ಬೆರಳಷ್ಟು ಉದ್ದದ್ದು ಮೂರು, ಹಿಪ್ಪಲಿ ನಾಲ್ಕೈದು ಕಡ್ಡಿ, ಜ್ಯೇಷ್ಠಮಧು ಇದ್ದರೆ ಒಂದು ತುಂಡು. ಹವೀಜವನ್ನು ಹುರಿಯುವಾಗ ಪರಿಮಳ ಬಂದ ಕೂಡಲೇ ಇಳಿಸಬೇಕು, ಬಣ್ಣ ಬರುವತನಕ ಕಾದರೆ ಕಹಿಯಾಗುತ್ತದೆ. ಬೆಲ್ಲ ಕುದಿಯುವಾಗ ಹಾಕಿ, ಹಾಲು ಇಳಿಸಿದ ಮೇಲೆ ಹಾಕಿ. ಇದನ್ನೆಲ್ಲ ಹೇಳುವುದಕ್ಕೆ ನನಗೆ ಖುಷಿಯೇ. ಆದರೆ ಕೊನೆಗೆ ಅವರು "ಅಜ್ಜಿಯ ಕೈಗುಣ ನಿಮಗೆ ಬಂದದ" ಎನ್ನುತ್ತಾರಲ್ಲ, ಆಗ ಏನೋ ನೆಪ ಹೇಳಿ ಮಾತು ಮುಗಿಸಿಬಿಡುತ್ತೇನೆ.

ಯಾಕೆಂದು ನಾನಾಗಿ ನಮ್ಮ ಮನೆಯ ಹೊರಗೆ ಯಾರಿಗೂ ಪೂರ್ತಿ ಹೇಳಿಲ್ಲ. ಈಗ ಹೇಳುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ಬೈಲಹೊಂಗಲದಲ್ಲಿ. ನನಗೆ ಇಪ್ಪತ್ತು ತುಂಬಿತ್ತು, ಕಾಲೇಜು ಒಂದು ವರ್ಷಕ್ಕೇ ಬಿಟ್ಟು ಮನೆಯಲ್ಲಿದ್ದೆ. ಅಪ್ಪ ಪೂಜೆ, ಪಂಚಾಂಗದವರು. ಅವ್ವ ಅಡುಗೆಮನೆಯಿಂದ ಹೊರಗೆ ಬಂದದ್ದೇ ಕಡಿಮೆ. ಮನೆ ನಡೆಯುತ್ತಿದ್ದದ್ದು ಅಪ್ಪನ ತಾಯಿ, ನಮ್ಮ ಆಯಿಯ ಮಾತಿನ ಮೇಲೆ. ದೀಪಾವಳಿ ಮುಗಿದು ಹತ್ತಿ ಪೇಟೆಗೆ ಬರುವ ಹೊತ್ತಿಗೆ ಊರಿನ ಗಾಳಿಯೇ ಬದಲಾಗುತ್ತಿತ್ತು. ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು, ಜಿನ್ನಿಂಗ್ ಗಿರಣಿಗಳ ಕಡೆಯಿಂದ ಹಾರಿ ಬರುವ ಹತ್ತಿಯ ಎಳೆ. ಮಕ್ಕಳೆಲ್ಲ ಕೆಮ್ಮುವುದಕ್ಕೆ ಹತ್ತುತ್ತಿದ್ದವು. ಆಗ ನಮ್ಮ ಪಡಸಾಲೆಯಲ್ಲಿ ಹೆಂಗಸರು ಕೂಸುಗಳನ್ನು ಕಟ್ಟಿಕೊಂಡು ಕೂತಿರುತ್ತಿದ್ದರು.

ಆಯಿ ಕೊಡುತ್ತಿದ್ದದ್ದು ಬಹಳ ದೊಡ್ಡ ಔಷಧವೇನಲ್ಲ. ದೊಡ್ಡವರಿಗೆ ಕಷಾಯದ ಪುಡಿ. ಸಣ್ಣವಕ್ಕೆ ದೊಡ್ಡಪತ್ರೆಯ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಹಿಂಡಿದ ರಸ. ಎದೆ ಕಟ್ಟಿದ್ದರೆ ಅಜಿವಾನ, ಅದೇ ಓಂಕಾಳು, ಅದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಹಂಚಿನ ಮೇಲೆ ಬೆಚ್ಚಗೆ ಮಾಡಿ ಎದೆಗೆ, ಬೆನ್ನಿಗೆ ಶಾಖ. ಗಂಟಲಿಗೆ ಅರಿಶಿನ ಹಾಕಿದ ಹಾಲು. ಮೂಗು ಕಟ್ಟಿದವರಿಗೆ ಬಿಸಿನೀರಿನ ಹಬೆ. ಇವೆಲ್ಲ ಬೇರೆ ಮನೆಗಳಲ್ಲೂ ಇದ್ದವು. ಆಯಿಯ ಹತ್ತಿರ ಮಾತ್ರ ಇದ್ದದ್ದು ಇನ್ನೊಂದು. ಕೂಸು ಬಂತೆಂದರೆ ಏನನ್ನೂ ಕೊಡುವ ಮೊದಲು ಅವಳು ಒಂದೇ ಮಾತು ಹೇಳುತ್ತಿದ್ದಳು.

"ಅಂಗಿ ಎತ್ತವಾ. ಪಕ್ಕಿ ನೋಡೂಣು."

ಕೂಸಿನ ಹೊಟ್ಟೆ, ಪಕ್ಕೆ ಬಿಸಿಲಿಗೆ ಬೀಳುವ ಹಾಗೆ ನಿಲ್ಲಿಸಿಕೊಂಡು, ಅದು ಉಸಿರು ತೆಗೆದುಕೊಳ್ಳುವುದನ್ನು ಸುಮ್ಮನೆ ನೋಡುತ್ತಿದ್ದಳು. ಉಸಿರಿಗೊಮ್ಮೆ ಪಕ್ಕೆಗಳ ಕೆಳಗೆ ಚರ್ಮ ಒಳಕ್ಕೆ ಗುಳಿ ಬೀಳುತ್ತಿದ್ದರೆ ಮುಗಿಯಿತು. ಪುಡಿಯ ಭರಣಿಯ ಮುಚ್ಚಳವನ್ನೇ ತೆಗೆಯುತ್ತಿರಲಿಲ್ಲ. "ಇದು ನನ್ನ ಕೈಯಾಗಿಂದಲ್ಲ. ಈಗಿಂದೀಗ ದವಾಖಾನಿಗೆ ಹೋಗು. ಮನೀಗೆ ಹೋಗಿ ಸೀರಿ ಬದಲಿಸಿ ಬರ್ತೀನಿ ಅನಬ್ಯಾಡ, ಇಲ್ಲಿಂದನ ಹೋಗು" ಎಂದು ಕಳಿಸಿಬಿಡುತ್ತಿದ್ದಳು. ಹಾಗೆ ಕಳಿಸಿದವರಲ್ಲಿ ಒಬ್ಬಿಬ್ಬರು ಸಿಟ್ಟು ಮಾಡಿಕೊಂಡದ್ದೂ ಉಂಟು, ಆಯಿ ಪುಡಿ ಕೊಡಲಿಲ್ಲ ಅಂತ.

ಪಡಸಾಲೆಗೆ ಬರುವವರದು ಇದಾಯಿತು. ಹಿತ್ತಲಿಗೆ ಬರುವವರದು ಬೇರೆ. ನಮ್ಮ ಓಣಿಯ ಹಿಂದೆ, ಹಾಳು ಬಾವಿಯ ಆಚೆ, ಬೌದ್ಧರಾದ ಮನೆಗಳು ಇದ್ದವು. ಅವರ ಮನೆಯೊಳಗೆ ಬುದ್ಧನ ಪಟ ಬಂದು ಎಷ್ಟೋ ವರ್ಷವಾಗಿತ್ತು, ಗಂಡಸರು ಕಚೇರಿಯಲ್ಲಿ, ಸಾಲೆಯಲ್ಲಿ ನೌಕರಿ ಮಾಡುತ್ತಿದ್ದರು. ಆದರೆ ನಮ್ಮ ಮನೆಗೆ ಅವರು ಹಿತ್ತಲ ಬಾಗಿಲಿಗೇ ಬರಬೇಕಿತ್ತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಲ್ಲಬೇಕಿತ್ತು. ಪುಡಿಕೆಯನ್ನು ಆಯಿ ಮೇಲಿನಿಂದ ಅವರ ಸೆರಗಿಗೆ ಬಿಡುತ್ತಿದ್ದಳು. ನನಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ, ಅದನ್ನೂ ಬರೆಯಬೇಕು. ಆದರೆ ಅವರ ಕೂಸುಗಳ ಪಕ್ಕೆಯನ್ನೂ ಆಯಿ ನೋಡದೆ ಬಿಡುತ್ತಿರಲಿಲ್ಲ. ಅದಕ್ಕಾಗಿಯೇ ಬೆಳಿಗ್ಗೆ ತನ್ನ ಸ್ನಾನಕ್ಕಿಂತ ಮೊದಲು ಹಿತ್ತಲಿಗೆ ಇಳಿಯುತ್ತಿದ್ದಳು. ನಾಲ್ಕು ಮಾರು ದೂರ ನಿಂತು, "ಈಕಡೆ ತಿರುಗಿಸು, ಬಿಸಲಿಗೆ ಹಿಡಿ" ಎಂದು ತಾಯಿಯ ಕೈಯಿಂದಲೇ ಅಂಗಿ ಎತ್ತಿಸಿ, ಕಣ್ಣು ಸಣ್ಣ ಮಾಡಿ ನೋಡುತ್ತಿದ್ದಳು. ಆಮೇಲೆ ಸ್ನಾನ, ಮಡಿ, ದೇವರ ಕೋಣೆ.

ಹಾಗೆ ಬರುವವರಲ್ಲಿ ಒಬ್ಬಳು ನನ್ನದೇ ವಯಸ್ಸಿನವಳು. ಗಂಡ ಕಚೇರಿಯಲ್ಲಿ ಜವಾನ. ಏಳನೆಯ ಇಯತ್ತೆ ಓದಿದ್ದಳು, ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರ ಪೋಲಕ ಹೊಲಿಯುತ್ತಿದ್ದಳು. ಒಂದೂವರೆ ವರ್ಷದ ಗಂಡುಮಗು. ಮಾತು ಚುರುಕು. ಆಯಿ ಒಮ್ಮೆ ಪುಡಿ ಬಿಡುವಾಗ ಅರ್ಧ ನೆಲಕ್ಕೆ ಬಿದ್ದಿತ್ತು. "ಆಯಿ, ಭೂಮಿತಾಯಿಗೂ ನೆಗಡಿ ಆಗೇತೇನ್ರಿ?" ಎಂದು ನಕ್ಕಿದ್ದಳು. ಆಯಿಯೂ ನಕ್ಕಿದ್ದಳು. ಮರುದಿನದಿಂದ ಪುಡಿಕೆಯನ್ನು ಎರಡು ಸುತ್ತು ಕಾಗದದಲ್ಲಿ ಕಟ್ಟತೊಡಗಿದಳು.

ಆ ವರ್ಷ ಚಳಿ ಹಿಡಿಯುವ ಹೊತ್ತಿಗೇ ರಾಮದುರ್ಗದಿಂದ ಸುದ್ದಿ ಬಂತು. ಆಯಿಯ ತಂಗಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಯಿ ಹೊರಟಳು. ಹೋಗುವಾಗ ಭರಣಿಯನ್ನು ನನ್ನ ಕೈಗೆ ಕೊಟ್ಟಳು.

"ಪುಡಿ ಎರಡ ತಿಂಗಳಿಗೆ ಸಾಕಾಗ್ತದ. ಕೊಡೂದು ದೊಡ್ಡ ಕೆಲಸಲ್ಲ. ಪಕ್ಕಿ ನೋಡೂದು ಮರೀಬ್ಯಾಡ."

"ಗೊತ್ತದ ತಗೋ ಆಯಿ. ಹುಟ್ಟಿದಾಗಿಂದ ನೋಡೇನಿ."

"ನೀ ನನ್ನ ನೋಡಿದ್ದಿ. ಕೂಸನ್ನ ನೋಡು" ಎಂದಳು.

ನಾನು ನೋಡಿದ್ದು ನಿಜವಾಗಿಯೂ ಅವಳನ್ನೇ. ಅವಳ ಮಾತಿನ ಧಾಟಿ, ಕೈ ಆಡಿಸುವ ರೀತಿ, "ಪಥ್ಯ ಮುರದಿ ಅಂದ್ರ ನನ್ನ ಕೇಳಬ್ಯಾಡ" ಎಂದು ಗದರುವ ಗತ್ತು, ಎಲ್ಲ ನನಗೆ ಬಾಯಿಪಾಠ. ಹಿರಿಯರ ಮಧ್ಯೆ ಬೆಳೆದವಳು ನಾನು, ನನ್ನ ಬಾಯಲ್ಲಿ ಎಪ್ಪತ್ತು ವರ್ಷದ ಮಾತು ಇರುತ್ತಿತ್ತು. ಆಯಿ ಹೋದ ನಾಲ್ಕೇ ದಿನಕ್ಕೆ ಪಡಸಾಲೆ ತುಂಬಿತು. ನಾವು ಕಾಕು ಎಂದು ಕರೆಯುತ್ತಿದ್ದ ಎದುರು ಮನೆಯ ಹೆಂಗಸು ಮೊದಲು ಶುರು ಮಾಡಿದಳು. "ಆಯಿ ಊರಾಗಿಲ್ಲಂದ್ರೇನಾತು, ನಮಗ ಸಣ್ಣ ಆಯಿ ಅದಾಳ. ಮಾತು ಕೇಳೇ ಅರ್ಧಾ ಕೆಮ್ಮು ಹೋಗ್ತದ." ಸಣ್ಣ ಆಯಿ ಎಂಬ ಹೆಸರು ನಿಂತೇಬಿಟ್ಟಿತು. ನನಗಿಂತ ದೊಡ್ಡ ಹೆಂಗಸರು ನನ್ನ ಮುಂದೆ ಕೂಸು ಹಿಡಿದು ಕೂರುವುದು, ನಾನು ಹೇಳಿದ್ದಕ್ಕೆ ತಲೆಯಾಡಿಸುವುದು. ಆ ರುಚಿ ಒಮ್ಮೆ ಹತ್ತಿದರೆ ಬಿಡುವುದಲ್ಲ.

ಆಯಿಯ ಬದಲು ದೇವರ ಕೋಣೆಯ ಕೆಲಸವೂ ನನಗೇ ಬಂದಿತ್ತು. ಚಳಿಗೆ ನಾನು ಏಳುವುದು ತಡವಾಗುತ್ತಿತ್ತು. ಎದ್ದವಳೇ ಗಡಬಡಿಸಿ ಸ್ನಾನ ಮಾಡಿ ಮಡಿ ಉಡುತ್ತಿದ್ದೆ. ಹಿತ್ತಲಿನವರನ್ನು ಸ್ನಾನಕ್ಕೆ ಮೊದಲು ನೋಡಬೇಕೆಂಬ ಆಯಿಯ ಕ್ರಮ ಮೊದಲ ವಾರವೇ ತಪ್ಪಿತು.

ಒಂದು ಬೆಳಿಗ್ಗೆ ಆ ಹೊಲಿಗೆಯವಳು ಬಂದಳು. ನಾನು ಒದ್ದೆ ಕೂದಲು, ಮಡಿಸೀರೆಯಲ್ಲಿ ಹಿತ್ತಲ ಬಾಗಿಲಿಗೆ ಹೋಗಿ ಹೊಸ್ತಿಲೊಳಗೇ ನಿಂತೆ. ಒಳಗೆ ಕಾಕು ಮತ್ತು ಇನ್ನಿಬ್ಬರು ಹೆಂಗಸರು ಕೂತಿದ್ದರು, ಅವರಿಗೆ ಏನೋ ಹೇಳುತ್ತ ನಡುವೆ ಎದ್ದು ಬಂದಿದ್ದೆ. ಅವಳು ಒಗೆಯುವ ಕಲ್ಲಿನ ಹತ್ತಿರ, ಗೋಡೆಯ ನೆರಳಿನಲ್ಲಿ ನಿಂತಿದ್ದಳು. ಕೂಸಿನ ತಲೆಗೆ ಕುಂಚಿಗೆ ಕಟ್ಟಿ, ಎರಡು ಅಂಗಿ ಹಾಕಿ, ಮೇಲೆ ತನ್ನ ಹಳೆಯ ಸೀರೆಯ ತುಂಡು ಸುತ್ತಿದ್ದಳು.

"ಮೂರು ದಿನ ಆತ್ರಿ ಅಕ್ಕಾರ, ಕೆಮ್ಮ ನಿಂದ್ರವಲ್ದು. ಎದಿ ಗೊರ ಗೊರ ಅಂತೈತಿ. ಹಾಲ ಕುಡಿಯಾಕ ಒಲ್ಲ ಅಂತಾನ."

"ಜ್ವರ?"

"ಅದಾವ್ರಿ. ದವಾಖಾನಿಗೆ ಹೋಗಲೇನು ಅಂತ ನಮ್ಮ ಮನ್ಯಾಗ ಕೇಳಿದ್ನಿ. ಅತ್ತಿ ಅಂದ್ಳು, ಮೊದಲ ಆಯಿಗೆ ತೋರಿಸು, ಆಯಿ ಹೋಗಂದ್ರ ಹೋಗೂಣಂತ."

"ಆಯಿ ಊರಾಗಿಲ್ಲ, ನಾ ಇದ್ದೀನಿ."

"ಹೌದ್ರಿ, ಅದಕ ಬಂದೇನಿ." ಅವಳು ಕೂಸನ್ನು ಬಗಲಿನಿಂದ ಸರಿಸಿಕೊಂಡು, "ಅಂಗಿ ಎತ್ತಲೇನ್ರಿ?" ಎಂದಳು.

ನಾನಿದ್ದ ಕಡೆಯಿಂದ ಅವಳು ನಿಂತ ಜಾಗ ನೆರಳು, ಏನೂ ಕಾಣುವಂತಿರಲಿಲ್ಲ. ನೋಡಬೇಕೆಂದರೆ ನಾನು ಮೆಟ್ಟಿಲಿಳಿದು ಬಿಸಿಲಿದ್ದ ಕಡೆಗೆ ಹೋಗಬೇಕು, ಅವಳೂ ಅಲ್ಲಿಗೆ ಬರಬೇಕು. ಮಡಿ ಹೋಗುತ್ತದೆ. ಮತ್ತೆ ಬಾವಿಯ ನೀರು ಸೇದಿ, ಆ ಚಳಿಯಲ್ಲಿ ಇನ್ನೊಮ್ಮೆ ಸ್ನಾನ ಮಾಡಬೇಕು. ಒಳಗೆ ನನ್ನ ಮಾತಿಗಾಗಿ ಮೂವರು ಕಾದಿದ್ದಾರೆ. ಇಷ್ಟೂ ನನ್ನ ತಲೆಯಲ್ಲಿ ಹಾದುಹೋಯಿತು. ಮರೆತೆ ಅಂತ ಹೇಳಿದರೆ ಸುಳ್ಳಾಗುತ್ತದೆ.

"ಬ್ಯಾಡ, ಥಂಡಿ ಹತ್ತೀತು" ಎಂದೆ. ಆಯಿಯ ಧ್ವನಿಯಲ್ಲೇ ಅಂದೆ. "ಇದು ಬರೇ ಕಫ. ಪುಡಿ ಕುದಿಸಿ ಚಮಚೆ ಚಮಚೆ ಕುಡಿಸು, ಅಜಿವಾನದ ಶಾಖ ಕೊಡು. ದವಾಖಾನಿ ಯಾಕ, ಮೂರು ದಿನದಾಗ ಆರಾಮಾಗ್ತದ. ತಂಪಿಂದು ಏನೂ ಕೊಡಬ್ಯಾಡ."

ಅವಳು ಎತ್ತಲು ಹಿಡಿದಿದ್ದ ಅಂಗಿಯ ಅಂಚನ್ನು ಕೈಯಲ್ಲೇ ಹಿಡಿದುಕೊಂಡು ಒಂದು ಗಳಿಗೆ ನನ್ನನ್ನು ನೋಡಿದಳು. "ಆಯಿ ನೋಡತಿದ್ರಲ್ರಿ" ಎಂದಳು.

"ನನಗ ಮಾರಿ ನೋಡಿದ್ರನ ತಿಳೀತದ."

ಪುಡಿಕೆಯನ್ನು ಹೊಸ್ತಿಲಿನಿಂದಲೇ ಎಸೆದೆ. ಸೆರಗಿಗೆ ಬಿತ್ತು. ಒಳಗೆ ಬಂದಾಗ ಕಾಕು, "ಎಷ್ಟು ಲಗೂ ಮುಗಿಸಿ ಬಂದಿ ನೋಡು, ಆಯಿ ಆಗಿದ್ರ ಅರ್ಧಾ ತಾಸು" ಎಂದಳು. ನಾನು ನಕ್ಕೆ.

ಎರಡು ದಿನ ಅವಳು ನಾನು ಹೇಳಿದ್ದನ್ನು ಮಾಡಿದಳು. ಮೂರನೆಯ ದಿನ ಬೆಳಿಗ್ಗೆ ಕೂಸಿನ ತುಟಿ ನೀಲಿಗಟ್ಟಿತು. ಅತ್ತೆಯನ್ನು ಕೇಳದೆ, ಗಂಡ ಕಚೇರಿಗೆ ಹೋಗಿದ್ದಾಗ, ಅವಳೇ ಕೂಸನ್ನು ಎದೆಗೆ ಕಟ್ಟಿಕೊಂಡು ಓಡಿ ಹೋಗಿ ಧಾರವಾಡದ ಬಸ್ಸು ಹತ್ತಿದಳಂತೆ. ಅಲ್ಲಿನ ದೊಡ್ಡ ದವಾಖಾನೆಯಲ್ಲಿ ಎರಡೂ ಪುಪ್ಪುಸಗಳಲ್ಲಿ ನ್ಯುಮೋನಿಯಾ ಎಂದು ಹೇಳಿದರಂತೆ, ಉಳಿಯುವ ಭರವಸೆ ಇಲ್ಲ ಎಂದರಂತೆ.

ಈ ಸುದ್ದಿ ಹೇಳಿದವಳು ಕಾಕು. ಪಡಸಾಲೆಯಲ್ಲಿ ಆಗ ಐದಾರು ಜನ ಇದ್ದರು. ಎಲ್ಲರೂ ನನ್ನ ಕಡೆ ನೋಡಿದರು. ಒಬ್ಬಾಕೆ, "ನಿನ್ನ ಕಡೆ ತೋರಿಸಿದ್ಲಂತಲ್ಲವಾ?" ಎಂದಳು.

ಔಷಧ ಫಲಿಸದಿದ್ದರೆ ಹೇಳುವ ಮಾತು ನಮ್ಮಲ್ಲಿ ಸಿದ್ಧವಾಗಿರುತ್ತದೆ, ಅದನ್ನು ಹುಡುಕಬೇಕಾಗಲಿಲ್ಲ. "ಪಥ್ಯ ಮುರದಿರಬೇಕು" ಎಂದೆ.

"ಏನ ತಿನಸಿದ್ಲಂತ?"

ಅಲ್ಲಿಗೆ ನಿಲ್ಲಿಸಬಹುದಿತ್ತು. "ಬಾಳೆಹಣ್ಣು" ಎಂದೆ. "ತಂಪಿಂದು ಬ್ಯಾಡ ಅಂತ ಬಡಕೊಂಡೆ. ಆ ಜನ ಕೇಳ್ತಾರೇನು?"

ಬಾಳೆಹಣ್ಣು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಕಂಡಿರಲಿಲ್ಲ, ಕೇಳಿರಲಿಲ್ಲ. ಸಂಜೆಯ ಹೊತ್ತಿಗೆ ನಳದ ಕಟ್ಟೆಯಲ್ಲಿ ಅದೇ ಮಾತಾಯಿತು. ಮರುದಿನಕ್ಕೆ ಹಾಳು ಬಾವಿಯ ಆಚೆಗೂ ಹೋಯಿತು.

ಕೂಸು ಉಳಿಯಿತು. ಮೂರು ವಾರದ ಮೇಲೆ ಧಾರವಾಡದಿಂದ ಕರೆದುಕೊಂಡು ಬಂದರು. ಅದಾಗಿ ನಾಲ್ಕು ದಿನಕ್ಕೆ ಆಯಿಯೂ ರಾಮದುರ್ಗದಿಂದ ಬಂದಳು. ಕಾಲು ತೊಳೆಯುವ ಮೊದಲೇ ಕಾಕು ಎಲ್ಲ ಹೇಳಿ ಮುಗಿಸಿದ್ದಳು. ಆಯಿ ನನ್ನನ್ನು ಕರೆದು ಒಂದೇ ಪ್ರಶ್ನೆ ಕೇಳಿದಳು.

"ಪಕ್ಕಿ ನೋಡಿದ್ಯಾ?"

"ನೋಡಿದ್ದೆ ಆಯಿ. ಗುಳಿ ಇರಲಿಲ್ಲ, ಹಗರಾಗೇ ಇದ್ದವು."

ಆಯಿ ನಂಬಿದಳು. ನನ್ನನ್ನು ನಂಬದಿರುವುದಕ್ಕೆ ಅವಳಿಗೆ ಕಾರಣವೇ ಇರಲಿಲ್ಲ. ಒಂದು ವಾರದ ಮೇಲೆ ಆ ತಾಯಿ ಕೂಸಿಗೆ ಶಕ್ತಿ ಬರಲು ಏನು ಕೊಡಬೇಕೆಂದು ಕೇಳಲು ಹಿತ್ತಲಿಗೆ ಬಂದಾಗ ಆಯಿ ಬಾಗಿಲಲ್ಲಿ ನಿಂತು ಬೈದಳು. ನಾನು ಹಿಂದೆ ಇದ್ದೆ.

"ಕೂಸಿನ ಜೀವಕ್ಕಿಂತ ಬಾಳೆಹಣ್ಣು ಹೆಚ್ಚಾತೇನು ನಿನಗ? ಓದಿದಾಕಿ ನೀ."

"ನಾ ತಿನಸಿಲ್ಲರಿ ಆಯಿ."

"ತಾಯಿ ಆದವರೆಲ್ಲ ಹಂಗ ಅಂತಾರ. ಕೂಸು ಅತ್ತಿತು ಅಂತ ಒಂದ ತುಣುಕು ಕೊಟ್ಟಿರ್ತಾರ, ಆಮ್ಯಾಲ ಕೊಟ್ಟೇ ಇಲ್ಲ ಅಂತಾರ."

ಅವಳು ಆಯಿಯ ಭುಜದ ಮೇಲಿಂದ ನನ್ನನ್ನು ನೋಡಿದಳು. ನಾನು ದೇವರ ಕೋಣೆಯ ಕಡೆ ತಿರುಗಿದೆ. ಆಮೇಲೆ ಅವಳು ನಮ್ಮ ಹಿತ್ತಲಿಗೆ ಬರಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ನಾನು ಮುರಗೋಡಕ್ಕೆ, ಸೋದರಮಾವನ ಮನೆಗೆ ಹೊರಟಿದ್ದೆ. ಸವದತ್ತಿಯ ಬಸ್ಸು. ಕಬ್ಬು, ಕೋಳಿ, ಜನ, ಎಲ್ಲ ತುಂಬಿಕೊಂಡಿತ್ತು. ಒಂದೇ ಒಂದು ಜಾಗ ಖಾಲಿ ಇತ್ತು. ಕೂತ ಮೇಲೆ ನೋಡಿದರೆ ಕಿಟಕಿಯ ಕಡೆ ಅವಳು. ತೊಡೆಯ ಮೇಲೆ ಕೂಸು. ಎದ್ದು ನಿಲ್ಲಬಹುದಿತ್ತು, ನಿಲ್ಲಲಿಲ್ಲ. ಕೂಸು ಸೊರಗಿ ಕಣ್ಣಷ್ಟೇ ಉಳಿದಿತ್ತು.

ಬಸ್ಸು ಊರು ದಾಟಿತು. ಅವಳು ಡಬ್ಬಿ ತೆಗೆದು ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಬೆರಳಿನಿಂದ ಹಿಚುಕಿ ಹಿಚುಕಿ ತಿನ್ನಿಸತೊಡಗಿದಳು. ಎಷ್ಟು ಸಾವಕಾಶ ತಿನ್ನಿಸುತ್ತಿದ್ದಳೆಂದರೆ, ಒಂದೊಂದು ತುತ್ತಿಗೂ ಕೂಸಿನ ಮುಖ ನೋಡುತ್ತಿದ್ದಳು.

"ತವರಿಗೆ ಹೊಂಟೀಯೇನು?" ಎಂದೆ. ಏನಾದರೂ ಅನ್ನಬೇಕಿತ್ತು.

"ಹೂನ್ರಿ. ನಾಕ ದಿನ ನನ್ನ ಕೈಲೆ ತಿನಸೂಣಂತ."

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. "ಮನ್ಯಾಗ ನಾ ಇವಗ ಏನೂ ತಿನಸಂಗಿಲ್ಲರಿ. ಧಾರವಾಡದಿಂದ ಬಂದಾಗಿಂದ ಅತ್ತಿನ ತಿನಸ್ತಾಳ. ಒಲಿ ಮುಂದ ನಾ ಮಾಡಬೇಕು, ತಾಟ ಅಕಿ ಕೈಯಾಗ ಕೊಡಬೇಕು. ಬಾಳೆಹಣ್ಣ ತಿನಸಿದ ಕೈ ಅಂತಾಳ. ನಮ್ಮ ಮನಿಯವರು ಏನೂ ಅನ್ನೂದಿಲ್ಲ, ಏನೂ ಅನ್ನಾಕೂ ಒಲ್ಲರು."

ಕೂಸು ನನ್ನ ಬಳೆ ಹಿಡಿದು ಎಳೆಯಿತು. ನಾನು ಕೈ ಬಿಡಿಸಿಕೊಳ್ಳಲಿಲ್ಲ.

"ನನ್ನ ತಪ್ಪಾತು" ಎಂದೆ. ಬಸ್ಸಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಅಂದೆ.

"ಕೇಳಿಸ್ತರಿ" ಎಂದಳು. "ನನ್ನ ಮುಂದ ಯಾಕ ಹೇಳ್ತೀರಿ? ಬಾಳೆಹಣ್ಣ ತಿನಸಿಲ್ಲಂತ ನನಗ ಗೊತ್ತೈತಿ. ಅಂಗಿ ಎತ್ತಲೇನು ಅಂದದ್ದೂ ಗೊತ್ತೈತಿ. ಎಲ್ಲಿ ಅಂದ್ರಿ, ಅಲ್ಲಿ ಹೇಳ್ರಿ."

ಮುರಗೋಡ ಬಂತು. ನಾನು ಇಳಿದೆ. ಅವಳು ಕಿಟಕಿಯಿಂದ ನನ್ನ ಕಡೆ ನೋಡಲಿಲ್ಲ, ಕೂಸಿನ ಬಾಯಿ ಒರೆಸುತ್ತಿದ್ದಳು.

ಎರಡು ದಿನಕ್ಕೆ ಮನೆಗೆ ಬಂದೆ. ಮಧ್ಯಾಹ್ನ ಪಡಸಾಲೆಯಲ್ಲಿ ಹೆಂಗಸರು ಬತ್ತಿ ಹೊಸೆಯುತ್ತ ಕೂತಿದ್ದಾಗ, ಧೈರ್ಯ ಮಾಡಿ ಅಂದೆ. "ಆ ಕೂಸಿಗೆ ಅಕಿ ಬಾಳೆಹಣ್ಣು ತಿನಸಿರಲಿಲ್ಲ. ನಾ ಸುಮ್ಮನ ಅಂದಿದ್ದೆ."

ಒಂದು ಕ್ಷಣ ಎಲ್ಲರ ಕೈ ನಿಂತವು. ಕಾಕು, "ಹೋಗ್ಲಿ ಬಿಡವಾ, ಕೂಸು ಉಳೀತಲ್ಲ. ಇಷ್ಟ ದಿನ ಅದನ್ನ ತಲ್ಯಾಗ ಇಟಗೊಂಡ ಕುಂತಿದ್ಯಾ" ಎಂದು ಮತ್ತೆ ಬತ್ತಿ ಹೊಸೆದಳು. ಮಾತು ಯಾರದೋ ಬಸುರಿ ಮಗಳ ಕುಬಸದ ಶಾಸ್ತ್ರದ ಕಡೆ ಹೋಯಿತು. ನನಗೆ ಹಗುರಾಯಿತು. ಇಷ್ಟೇನಾ ಅನ್ನಿಸಿತು.

ಅವರೆಲ್ಲ ಎದ್ದು ಹೋದ ಮೇಲೆ ಆಯಿ ಕೇಳಿದಳು.

"ಬಾಳೆಹಣ್ಣು ತಿನಸಿಲ್ಲ. ಪಕ್ಕಿ ನೀ ನೋಡಿದ್ದು ಖರೇನಲ್ಲ?"

ಆಗ ಹೇಳಬೇಕಿತ್ತು. ಒಂದು ಸುಳ್ಳು ಬಿಟ್ಟುಕೊಟ್ಟು ಇಷ್ಟು ಸುಲಭವಾಗಿ ಪಾರಾದವಳಿಗೆ ಇನ್ನೊಂದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. "ಖರೇ ಆಯಿ" ಎಂದೆ.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಆಯಿ ಭರಣಿಯಲ್ಲಿದ್ದ ಪುಡಿಯನ್ನೆಲ್ಲ ಮೊರಕ್ಕೆ ಸುರಿದು ಹಿತ್ತಲ ತಿಪ್ಪೆಗೆ ಚೆಲ್ಲುತ್ತಿದ್ದಾಳೆ.

"ಏನಾತು ಆಯಿ?"

"ಪಥ್ಯನೂ ಮುರದಿಲ್ಲ, ಪಕ್ಕೀನೂ ಹಗರಿದ್ದವು. ಅಂದ್ರ ಕೆಟ್ಟಿದ್ದು ಈ ಪುಡಿ. ನನ್ನ ಕೈಯಾಗ ಏನೋ ತಪ್ಪೇದ. ಹುರಿಯೂದು ಹೆಚ್ಚಾಗಿತ್ತೋ, ಕಣ್ಣಿಗೆ ಸರಿ ಕಾಣದ ಹುಳುಕು ಬಿದ್ದದ್ದು ಏನರ ಹಾಕಿದ್ನೋ. ಒಂದು ಕೂಸು ಸಾಯೂಹಂಗಾತು. ಆ ಹುಡುಗೀನ್ನ ಬ್ಯಾರೆ ಬೈದೆ."

ಅಂದಿನಿಂದ ಆಯಿ ಯಾರಿಗೂ ಏನೂ ಕೊಡಲಿಲ್ಲ. ಚಳಿ ಇನ್ನೂ ಇತ್ತು, ಜನ ಬರುತ್ತಿದ್ದರು. "ನನ್ನ ಕೈ ಹೋತವಾ. ದವಾಖಾನಿಗೆ ಹೋಗ್ರಿ" ಎಂದು ಪಡಸಾಲೆಯಿಂದಲೇ ಕಳಿಸುತ್ತಿದ್ದಳು. ಪಕ್ಕೆ ನೋಡಲೂ ಒಲ್ಲೆ ಎಂದಳು. ಕೂಸು ಎತ್ತಿಕೊಂಡು ಬಂದವರು ನಿಂತು, ಕಾದು, ಹೊರಟುಹೋಗುವುದನ್ನು ನಾನು ಹನ್ನೊಂದು ದಿನ ನೋಡಿದೆ. ಊಟಕ್ಕೆ ಕೂತರೆ ಆಯಿ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡು ಅನ್ನ ಕಲಸುತ್ತಿದ್ದಳು. ಹನ್ನೊಂದನೆಯ ದಿನ ಒಬ್ಬಳು ತೀರ ಸಣ್ಣ ಕೂಸು ತಂದು, ಕಾಲು ಹಿಡಿಯಲು ಬಂದಳು. ಆಯಿ ಹಿಂದಕ್ಕೆ ಸರಿದು, ಕಣ್ಣು ಒರೆಸಿಕೊಂಡು ಒಳಗೆ ಹೋದಳು.

ನಾನು ಹಿಂದೆ ಹೋಗಿ ಹೇಳಿದೆ. ಈ ಸಲ ಎಲ್ಲ ಹೇಳಿದೆ.

"ಅಕಿ ತಾನಾಗೇ ಎತ್ತಲೇನು ಅಂದ್ಳೇನು?"

"ಅಂದ್ಳು."

"ನೀ ಬ್ಯಾಡಂದಿ."

"ಹೂಂ."

"ಯಾಕ?"

"ಸ್ನಾನ ಆಗಿತ್ತು ಆಯಿ. ಮಡಿ ಉಟ್ಟಿದ್ದೆ."

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಆಯಿ ಗೋಡೆಗೆ ಒರಗಿ ಕೂತು, "ಆ ಮಡಿ ನಾನ ಕಲಿಸಿದ್ದು" ಎಂದಳು. ಅಷ್ಟೇ. ಸ್ವಲ್ಪ ಹೊತ್ತಿಗೆ ಎದ್ದು ಪಡಸಾಲೆಗೆ ಹೋಗಿ, ಇನ್ನೂ ಅಲ್ಲೇ ನಿಂತಿದ್ದ ಆ ತಾಯಿಗೆ, "ಅಂಗಿ ಎತ್ತವಾ" ಎಂದಳು.

ಮರುದಿನ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಆಯಿ ಹಾಳು ಬಾವಿಯ ಆಚೆ ಹೋದಳು. ಎಪ್ಪತ್ತು ವರ್ಷದಲ್ಲಿ ಆ ಕಡೆ ಅವಳು ಕಾಲಿಟ್ಟದ್ದು ಅದೇ ಮೊದಲು. ದಾರಿ ಕೇಳಬೇಕಾಯಿತು. ನಮ್ಮನ್ನು ಕಂಡು ಮನೆಮನೆಯವರು ಬಾಗಿಲಿಗೆ ಬಂದು ನಿಂತರು. ಸಣ್ಣ ಮನೆ, ಮುಂದೆ ಸಾರಿಸಿದ ಕಟ್ಟೆ, ಒಳಗಿನಿಂದ ಹೊಲಿಗೆ ಯಂತ್ರದ ಸದ್ದು. ಕಟ್ಟೆಯ ಮೇಲೆ ಹೊಲಿಗೆಯವಳ ಅತ್ತೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಂಜಿ ಕುಡಿಸುತ್ತಿದ್ದಳು.

ಆಯಿ ಓಣಿಯಲ್ಲಿ ನಿಂತೇ ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ. "ನಿನ್ನ ಸೊಸಿ ಬಾಳೆಹಣ್ಣು ತಿನಸಿರಲಿಲ್ಲ. ಪಕ್ಕಿ ನೋಡ್ರಿ ಅಂತ ಅಕೀನ ಅಂದಿದ್ಲು. ನಮ್ಮ ಹುಡುಗಿ ನೋಡಲಿಲ್ಲ, ಮ್ಯಾಲ ಸುಳ್ಳು ಹೇಳಿದ್ಲು. ನಾ ಅದನ್ನ ನಂಬಿ ಬೈದೆ. ಅಕಿ ನಿನ್ನ ಮಾತು ಮೀರಿ ಧಾರವಾಡಕ್ಕ ಓಡಿದ್ದಕ್ಕ ಕೂಸು ಉಳದದ. ತಪ್ಪು ನಮ್ಮ ಮನೀದು."

ಯಂತ್ರದ ಸದ್ದು ನಿಂತಿತು. ಅತ್ತೆ ಚಮಚೆಯನ್ನು ಬಟ್ಟಲಿನಲ್ಲಿಟ್ಟಳು. ಆಯಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಎರಡ ತಿಂಗಳ ಬೈದೇನಲ್ಲರಿ ಆಯಿ ಅಕಿನ್ನ" ಎಂದಳು. "ಉಣ್ಣಾಗ ಬೈದೇನಿ, ಮಕ್ಕೊಳ್ಳಾಗ ಬೈದೇನಿ. ಈಗ ಆ ಬೈಗಳೆಲ್ಲ ಎಲ್ಲಿ ಇಟಗೊಳ್ಳಿ?"

ಅಷ್ಟರಲ್ಲಿ ಸೊಸೆ ಹೊರಗೆ ಬಂದಿದ್ದಳು, ಬೆರಳಿಗೆ ದಾರ ಸುತ್ತಿಕೊಂಡೇ. ಅತ್ತೆ ಸೊಸೆಯ ಮುಖ ನೋಡದೆ ಕೂಸನ್ನೂ ಬಟ್ಟಲನ್ನೂ ಅವಳ ಕಡೆ ಚಾಚಿ, "ತಗೋ. ಆರಾಕ ಹತ್ತೇತಿ, ಕುಡಸು" ಎಂದಳು. ಅವಳು ತೆಗೆದುಕೊಂಡಳು. ಕಟ್ಟೆಯ ಮೂಲೆಯಲ್ಲಿ ನಮಗೆ ಬೆನ್ನು ಮಾಡಿ ಕೂತು, ಒಂದು ಚಮಚೆ ಕುಡಿಸಿದಳು.

ಆಮೇಲೆ ಎದ್ದು ಕೂಸನ್ನು ಬಗಲಿಗೇರಿಸಿಕೊಂಡು ಒಳಗೆ ಹೋಗಿ, ಎರಡು ಮಡಚುವ ಕುರ್ಚಿ ತಂದು ಬಾಗಿಲೊಳಗೆ ಹಾಕಿದಳು. ಸೆರಗಿನಿಂದ ಒರೆಸಿದಳು.

"ಒಳಗ ಬರ್ರಿ ಆಯಿ. ಕುಂತ ಹೋಗ್ರಿ. ಚಾ ಇಡತೇನಿ."

ಆಯಿ ಆ ಕುರ್ಚಿಗಳನ್ನು ನೋಡಿದಳು. ಒಂದು ಹೆಜ್ಜೆ ಮುಂದಿಟ್ಟಳು ಅನ್ನಿಸಿತು, ಅಥವಾ ನನಗೆ ಹಾಗೆ ಕಂಡಿತೋ. "ಇರ್ಲಿ ತಂಗಿ. ಮನ್ಯಾಗ ಪೂಜಿಗೆ ಹೊತ್ತಾಗ್ತದ" ಎಂದಳು. ಸೊಸೆ ನನ್ನ ಕಡೆ ತಿರುಗಿದಳು. "ನೀವರ ಬರ್ರಿ ಅಕ್ಕಾರ."

ಬಸ್ಸಿನಲ್ಲಿ ಒಂದೇ ಸೀಟಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತವಳು ನಾನು. ಆಯಿ ಪಕ್ಕದಲ್ಲಿ ನಿಂತಿದ್ದಳು. ನಾನು ಆಯಿಯ ಮುಖ ನೋಡಿದೆ, ಆಮೇಲೆ ನೆಲ ನೋಡಿದೆ. "ಮತ್ತೊಮ್ಮೆ ಬರ್ತೀನಿ" ಎಂದೆ.

"ಹೂನ್ರಿ" ಎಂದಳು ಅವಳು. ಕುರ್ಚಿಗಳನ್ನು ಒಂದೊಂದಾಗಿ ಮಡಚಿ, ಒಳಗೆ ಗೋಡೆಗೆ ಒರಗಿಸಿಟ್ಟಳು.